ನಿಂತು ತಿಂದದ್ದು

ಮಧುಗಿರಿಯಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುವ ತರಗತಿ ಆರಂಭಿಸಲು ನಿರ್ಧರಿಸಿದಾಗ ನಾನು ಮೊದಲು ಮಾಡಿಸಿದ್ದು ಕರಪತ್ರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಯಾವುದನ್ನಾದರೂ ಪ್ರತಿಪಾದಿಸಬೇಕೆಂದರೆ ಮೊದಲು ಪೀಠಿಕೆ, ಆಮೇಲೆ ಮೂರು ಕಾರಣ, ಕೊನೆಗೆ ಎದುರು ಪಕ್ಷದ ಆಕ್ಷೇಪಕ್ಕೆ ಸಮಾಧಾನ ಎಂಬ ಕ್ರಮ ನನ್ನ ಕೈಗೇ ಇಳಿದುಬಿಟ್ಟಿತ್ತು. ಕರಪತ್ರವೂ ಆ ಕ್ರಮದಲ್ಲೇ ಇತ್ತು. ಹೆಣ್ಣಿನ ದೇಹ ಮನೆತನದ ಆಸ್ತಿಯಲ್ಲ, ಅದರ ಮೇಲಿನ ಮೊದಲ ಹಕ್ಕು ಅವಳದೇ ಎಂದು ಆರಂಭವಾಗಿ, ಆರೋಗ್ಯವೆಂಬುದು ಸಮಾನತೆಯ ಮೊದಲ ಮೆಟ್ಟಿಲು ಎಂದು ಮುಗಿಯುತ್ತಿತ್ತು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ ನಾನೇ ನಿಂತು ಹಂಚಿದೆ. ಮೊದಲ ವಾರ ಬಂದವರು ಇಬ್ಬರು. ಅವರಲ್ಲಿ ಒಬ್ಬರು ಇಲ್ಲಿ ಹೊಲಿಗೆ ಕಲಿಸುತ್ತಾರೆಂದು ತಿಳಿದು ಬಂದಿದ್ದರು.

ಇನ್ನೊಬ್ಬರು ನಿವೃತ್ತ ಶಾಲಾ ಶಿಕ್ಷಕಿ. ಕರಪತ್ರವನ್ನು ಎರಡು ಸಲ ಓದಿ, ಒಂದು ಒತ್ತಕ್ಷರ ತಿದ್ದಿ, ಮಡಚಿ ನನ್ನ ಕೈಗೇ ಕೊಟ್ಟರು.

"ಚೆನ್ನಾಗ್ ಬರ್ದಿದ್ದೀಯ ಕಣಮ್ಮ. ಆದ್ರೆ ಇದ್ರಲ್ಲಿ ಮಂಡಿನೋವು ಅನ್ನೋ ಮಾತೇ ಇಲ್ವಲ್ಲ?"

ಎರಡನೆಯ ಕರಪತ್ರದಲ್ಲಿ ಒಂದೇ ಸಾಲು ಹಾಕಿಸಿದೆ: ನೆಲದಿಂದ ಕೈ ಊರದೆ ಏಳುವುದನ್ನು ಕಲಿಸಲಾಗುವುದು. ಆ ತಿಂಗಳು ನಾನು ಬಾಡಿಗೆಗೆ ಹಿಡಿದಿದ್ದ ಕಲ್ಯಾಣ ಮಂಟಪದ ಊಟದ ಹಜಾರದಲ್ಲಿ ಚಾಪೆ ಹಾಸಲು ಜಾಗ ಸಾಲಲಿಲ್ಲ. ಮದುವೆಯಿದ್ದ ದಿನಗಳಲ್ಲಿ ನಾವು ಮಾಳಿಗೆಗೆ ಹೋಗುತ್ತಿದ್ದೆವು. ಕೆಳಗೆ ಇನ್ನೂರು ಜನರ ಸಾರಿಗೆ ಒಗ್ಗರಣೆ ಬೀಳುತ್ತಿರುವಾಗ ಮೇಲೆ ಉಸಿರು ಎಳೆದು ಬಿಡುವುದು ಹೇಗೆಂದು ಹೇಳಿಕೊಡುವುದು ಸುಲಭದ ಕೆಲಸವಲ್ಲ.

ಈ ಉದ್ಯಮ ನಿಂತದ್ದು ನನ್ನ ಮಾತಿನಿಂದಲ್ಲ, ಸಮಯದ ಆಯ್ಕೆಯಿಂದ. ಬೆಳಗಿನ ಆರು ಗಂಟೆಯ ತರಗತಿಗೆ ಬರುತ್ತಿದ್ದವರು ಪಟ್ಟಣದ ನೌಕರಿಯ ಹೆಂಗಸರು. ಹಳ್ಳಿಯವರಿಗೆ ಆ ಹೊತ್ತು ಅಸಾಧ್ಯ; ಹಿಟ್ಟು, ನೀರು, ಮಕ್ಕಳ ಡಬ್ಬಿ ಎಲ್ಲವೂ ಆಗಲೇ. ಅವರಿಗಾಗಿ ಹತ್ತೂವರೆಗೆ ಇನ್ನೊಂದು ತರಗತಿ ಇಟ್ಟೆ. ಪುರವರದ ಕಡೆಯಿಂದ, ಮಿಡಿಗೇಶಿಯಿಂದ ಬಸ್ಸು ಬಂದು ಸೇರುವ ಹೊತ್ತು ಅದು. ಬ್ಯಾಂಕಿಗೋ ಆಸ್ಪತ್ರೆಗೋ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಡಬಹುದಾದ ಹೊತ್ತೂ ಅದೇ. ದೇಹ ಬೆಳೆಸುವ ಪುಡಿಯ ಡಬ್ಬಿಗಳನ್ನು ಮಾರಿದರೆ ಲಾಭ ಹೆಚ್ಚೆಂದು ಹಲವರು ಹೇಳಿದರು. ಮನೆಯ ಅವರೆಕಾಳು, ಹುರುಳಿಯಲ್ಲಿ ಇರುವುದನ್ನೇ ದುಬಾರಿ ಡಬ್ಬಿಯಲ್ಲಿ ಮಾರುವುದಿಲ್ಲವೆಂದು ನಾನು ಪಟ್ಟು ಹಿಡಿದೆ. ಈಗಲೂ ಆ ಪಟ್ಟು ಬಿಟ್ಟಿಲ್ಲ.

ಕುಕ್ಕರುಗಾಲಲ್ಲಿ ಕೂತು ಏಳುವುದನ್ನು ಕಲಿಸಲು ಹೊರಟ ದಿನ ಹಳ್ಳಿಯ ಹೆಂಗಸೊಬ್ಬರು ಬಿದ್ದು ಬಿದ್ದು ನಕ್ಕರು.

"ಹೊತ್ತು ಮೂಡ್ದಾಗಿಂದ ಮುಳುಗೋಗಂಟ ಕುಕ್ಕರುಗಾಲಲ್ಲೇ ಕಳೆ ಕೀಳ್ತೀನಿ ಕಣಮ್ಮ. ನಂಗೆ ನೀನು ಕೂರಾದು ಹೇಳಿಕೊಡ್ತೀಯಾ? ಎಲ್ಲಿ, ನೀನು ಕೂತ್ಕ ನೋಡಾನ, ಎಷ್ಟೊತ್ತು ಕೂರ್ತೀಯ!"

ಹತ್ತು ನಿಮಿಷಕ್ಕೆ ನನ್ನ ಕಾಲು ನಡುಗಿತು. ಅವರು ಕೂತೇ ಇದ್ದರು, ಕೂತೇ ಪಕ್ಕದವಳ ಕೂಡ ಬದನೆಕಾಯಿಯ ಬೆಲೆ ಮಾತಾಡುತ್ತಿದ್ದರು. ಆದರೆ ಏಳಬೇಕಾದಾಗ ಎರಡೂ ಕೈ ನೆಲಕ್ಕೆ ಊರಿ, "ಅಯ್ಯಪ್ಪಾ" ಎಂದರು. ಅಲ್ಲಿಂದ ಪಾಠ ಶುರುವಾಯಿತು.

ಅವರೇ ಈ ಬರಹದ ಮುಖ್ಯ ವ್ಯಕ್ತಿ. ಮಿಡಿಗೇಶಿಯವರು, ನಲವತ್ತರ ಆಚೆಯ ವಯಸ್ಸು. ಮಳೆ ನಂಬಿದ ಸ್ವಲ್ಪ ಹೊಲ, ಗಂಡ, ಓದುವ ಇಬ್ಬರು ಮಕ್ಕಳು, ಅತ್ತೆ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿತ್ತು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದ ವೈದ್ಯರು, ಎರಡು ಪರೀಕ್ಷೆಗಳೊಳಗೆ ಇಳಿಯದಿದ್ದರೆ ಇನ್ಸುಲಿನ್ ಚುಚ್ಚುಮದ್ದು ಶುರುಮಾಡಬೇಕಾಗುತ್ತದೆ ಎಂದಿದ್ದರು. ಆ ಗಡುವು ಹೊತ್ತೇ ಅವರು ನನ್ನ ಬಳಿ ಬಂದದ್ದು.

ಚುಚ್ಚುಮದ್ದೂ ಒಂದು ಔಷಧವೇ, ಅದಕ್ಕೆ ಹೆದರುವುದು ಮೂಢನಂಬಿಕೆ ಎಂದು ನಾನು ವಿವರಿಸತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಸೂಜಿ ಭಯ ನಂಗಿಲ್ಲ. ನಮ್ಮತ್ತೆಗೆ ದಿನಕ್ಕೆ ಎರಡು ಸಲ ನಾನೇ ಚುಚ್ಚಾದು. ನನ್ ಗಂಡ ಸೂಜಿ ಕಂಡ್ರೆ ಹಟ್ಟಿ ಬುಟ್ಟು ಓಡ್ತಾನೆ. ಮಕ್ಳು ಹಾಸ್ಟೆಲ್ಲಲ್ಲಿ ಅವ್ರೆ, ರಜಕ್ಕೆ ಬರ್ತವೆ. ನಂಗೆ ಚುಚ್ಚೋರು ಯಾರು ಹೇಳು?"

ತಮಗೆ ತಾವೇ ಚುಚ್ಚಿಕೊಳ್ಳಬಹುದು ಎಂದೆ. "ಅದನ್ನೂ ನಾನೇ ಮಾಡ್ಕಬೇಕಾ?" ಎಂದರು. ಮಾತಿನಲ್ಲಿ ಸೋತದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ, ವಿಷಯ ಬದಲಿಸಿದೆ.

ಅವರು ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯ ತಿಂಗಳಿಗೆ ಊರಿನ ಇನ್ನೈದು ಹೆಂಗಸರನ್ನು ಕರೆತಂದರು. ಆರು ಜನರೂ ಬಸ್ಸಿನ ಹಿಂದಿನ ಸೀಟುಗಳಲ್ಲಿ ಚಾಪೆಗಳನ್ನು ನಿಲ್ಲಿಸಿಕೊಂಡು ಬರುತ್ತಿದ್ದರು. ಹತ್ತೂವರೆಯ ತರಗತಿ ಅವರಿಂದಲೇ ತುಂಬಿತು. ಅದರ ಧೈರ್ಯದ ಮೇಲೆ ನಾನು ಕೊರಟಗೆರೆಯಲ್ಲಿ ಎರಡನೆಯ ಕೇಂದ್ರ ತೆರೆದೆ.

ನನ್ನ ಪದ್ಧತಿಯ ತಿರುಳು ಒಂದು ನೋಟ್‌ಬುಕ್. ಪ್ರತಿಯೊಬ್ಬರೂ ದಿನದ ಊಟವನ್ನೆಲ್ಲ ಅದರಲ್ಲಿ ಬರೆಯಬೇಕು. ತಿಂದದ್ದೇನೆಂದು ತಿಳಿಯದೆ ಸಲಹೆ ಕೊಡುವವರನ್ನು ನಾನು ನಂಬುತ್ತಿರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಕಾಲಂ ಹಾಕಿಸಿ, ಮೊದಲ ಪುಟದಲ್ಲಿ ಸತ್ಯವನ್ನೇ ಬರೆಯುತ್ತೇನೆಂಬ ಮಾತಿನ ಕೆಳಗೆ ಸಹಿ ಮಾಡಿಸುತ್ತಿದ್ದೆ. ಮಿಡಿಗೇಶಿಯವರ ನೋಟ್‌ಬುಕ್ಕು ಎಲ್ಲರಿಗಿಂತ ಅಚ್ಚುಕಟ್ಟು. ಮಧ್ಯಾಹ್ನ ಸಣ್ಣ ಮುದ್ದೆ ಒಂದು, ಸೊಪ್ಪಿನ ಸಾರು. ರಾತ್ರಿಯೂ ಹಾಗೇ. ಅನ್ನ ಇಲ್ಲ. ದಿನದಿಂದ ದಿನಕ್ಕೆ ಅದೇ.

ಮೂರು ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಒಂದಿಷ್ಟೂ ಇಳಿದಿರಲಿಲ್ಲ. ಸೊಂಟದ ಅಳತೆಯೂ ಇದ್ದಲ್ಲೇ ಇತ್ತು. ವರದಿಯನ್ನು ಅವರು ನನ್ನ ಕೈಗೆ ಕೊಟ್ಟಾಗ ತರಗತಿ ಪೂರ್ತಿ ತುಂಬಿತ್ತು. ನಾನು ಪಕ್ಕಕ್ಕೆ ಕರೆದು ಮಾತಾಡಬೇಕಿತ್ತು. ಬದಲಿಗೆ ನೋಟ್‌ಬುಕ್ ಕೈಯಲ್ಲಿ ಹಿಡಿದು, ಸಭೆಯ ಮುಂದೆ ನಿಂತವಳ ದನಿಯಲ್ಲಿ ಕೇಳಿದೆ.

"ದಿನಾ ಎಷ್ಟು ಮುದ್ದೆ?"

"ಎರಡು. ಮಧ್ಯಾನ ಒಂದು, ರಾತ್ರಿ ಒಂದು."

"ಹೊಲದ ಕೆಲಸ ಇದೆ. ಇಲ್ಲಿ ಒಂದು ಗಂಟೆ ವ್ಯಾಯಾಮ ಇದೆ. ಮಾತ್ರೆ ತಪ್ಪಿಸಿದ್ದೀರಾ?"

"ಇಲ್ಲ."

"ಹಾಗಾದರೆ ಇಷ್ಟು ಮಾಡಿ, ಇಷ್ಟೇ ತಿಂದವರಿಗೆ ಅಳತೆ ಇಳಿಯಲೇಬೇಕು. ಇಳಿದಿಲ್ಲ. ಈ ಬರಹ, ಈ ವರದಿ, ಎರಡರಲ್ಲಿ ಒಂದು ತಪ್ಪಿರಬೇಕು. ರಕ್ತ ಸುಳ್ಳು ಹೇಳುವುದಿಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು.

"ಅಂದ್ರೆ ಸುಳ್ಳು ನಾನ್ ಹೇಳ್ತೀನಿ ಅಂತ."

"ನಾನು ಹಾಗೆ ಹೇಳಲಿಲ್ಲ. ಲೆಕ್ಕ ಹೇಳುತ್ತದೆ."

ಆ ಕ್ಷಣ ನನ್ನೊಳಗೆ ಒಂದು ತೃಪ್ತಿ ಹಾದುಹೋಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎದುರಿನವರಿಗೆ ಮಾತು ಹೊರಡದಂತೆ ಕಟ್ಟಿದ ವಾದದಿಂದ ಬರುವ ತೃಪ್ತಿ ಅದು; ಪಾರಿತೋಷಕ ಗೆದ್ದ ದಿನಗಳಿಂದ ಪರಿಚಿತವಾದದ್ದು.

ಅವರು ಚಾಪೆ ಸುತ್ತಿದರು. "ನಾನ್ ಸುಳ್ಳು ಬರ್ದಿಲ್ಲ ಕಣಮ್ಮ. ಅಕ್ಷರ ಕಲ್ತಿದ್ದೇ ಆರನೇ ಕ್ಲಾಸುಗಂಟ, ಅದ್ರಲ್ಲಿ ಸುಳ್ಳು ಬರ್ಯೋಕೆ ಯಾಕ್ ಹೋಗ್ಲಿ?" ಎಂದು ಹೊರಟರು. ಅವರ ಹಿಂದೆ ಐದು ಜನ ಎದ್ದರು. ಅವರಲ್ಲೊಬ್ಬಳು ಬಾಗಿಲಲ್ಲಿ ನನ್ನತ್ತ ನೋಡಿ ಅವರಿಗೆ, "ನಡಿ ಕಣಕ್ಕ, ಪೊಲೀಸ್ ಠಾಣೆ ಆಗೋಯ್ತು ಇದು" ಎಂದಳು.

ಮರುದಿನ ಆರೂ ಜನ ಬರಲಿಲ್ಲ. ವಾರ ಕಳೆಯುವುದರೊಳಗೆ ಪುರವರದ ಕಡೆಯವರೂ ಕಡಿಮೆಯಾದರು. ಒಂದೇ ಬಸ್ಸಿನಲ್ಲಿ ಓಡಾಡುವವರಲ್ಲಿ ಸುದ್ದಿ ಹರಡಲು ಫೋನೂ ಬೇಕಿಲ್ಲ. ನನಗೆ ಪಶ್ಚಾತ್ತಾಪವಾಯಿತೆಂದು ಹೇಳಿದರೆ ಅದು ಸುಳ್ಳು. ಸತ್ಯ ಕಹಿಯಾದದ್ದು, ಸುಧಾರಣೆಗೆ ಇಳಿದವರು ಅದನ್ನು ಹೇಳಲು ಅಂಜಬಾರದು ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ಆದರೆ ಅವರಿಗೆ ಉಳಿದದ್ದು ಒಂದೇ ಪರೀಕ್ಷೆ, ಮೂರೇ ತಿಂಗಳು. ಅದರಲ್ಲಿ ಹನ್ನೆರಡು ದಿನ ಆಗಲೇ ಹೋಗಿತ್ತು. ಹದಿಮೂರನೆಯ ದಿನ ಮಿಡಿಗೇಶಿಯ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಅಲ್ಲ. ಇನ್ನೂ ಚೆನ್ನಾಗಿ ಮನವರಿಕೆ ಮಾಡಿಕೊಡಲು.

ಕೋಟೆಯ ಗುಡ್ಡದ ಕೆಳಗಿನ ಸಾಲಿನಲ್ಲಿ ಮನೆ. ನಾನು ಹೋದಾಗ ಮಧ್ಯಾಹ್ನದ ಮುದ್ದೆ ತಿರುವುತ್ತಿದ್ದರು. ನನ್ನನ್ನು ಕಂಡು ಕೋಲು ನಿಲ್ಲಿಸಲಿಲ್ಲ. "ಕೂತ್ಕ. ಉಂಡ್ಕಂಡು ಹೋಗು" ಎಂದರು, ಅಷ್ಟೇ. ಜಗಲಿಯಲ್ಲಿದ್ದ ಅತ್ತೆ, "ಇವ್ಳೇ ಏನ್ಲಾ ಆ ಕುಣ್ಯೋದು ಕಲ್ಸೋಳು?" ಎಂದು ಮಗನನ್ನು, ಅಂದರೆ ಇವರ ಗಂಡನನ್ನು, ಕೇಳಿದರು. ಮಗ ನನ್ನ ಮುಖ ನೋಡಿ, "ಏ ಸುಮ್ನಿರವ್ವ" ಎಂದ.

ನನ್ನನ್ನೂ ಅತ್ತೆಯನ್ನೂ ಗಂಡನನ್ನೂ ಕೂರಿಸಿ ಬಡಿಸಿದರು. ನೀವೂ ಕೂರಿ ಎಂದೆ. ಆಮೇಲೆ ಎಂದರು. ಎಲ್ಲರ ತಟ್ಟೆಗೂ ದುಂಡನೆಯ ಇಡೀ ಮುದ್ದೆ. ಅತ್ತೆ ತಮ್ಮದನ್ನು ಕೈಯಿಡುವ ಮುಂಚೆಯೇ ಎರಡು ಹೋಳು ಮಾಡಿ ಒಂದನ್ನು ಸೊಸೆಗೆ ವಾಪಸು ಕೊಟ್ಟರು. "ಡಾಕ್ಟ್ರು ಅರ್ಧ ಅಂದವ್ರಲ್ಲ," ಎಂದು ನನಗೆ ವಿವರಿಸಿದರು. ಮೊದಲೇ ಅರ್ಧ ಬಡಿಸಬಹುದಲ್ಲ ಎಂದೆ. ಗಂಡನೂ ಅತ್ತೆಯೂ ಒಟ್ಟಿಗೆ ನನ್ನ ಕಡೆ ನೋಡಿದರು.

"ಹಿರೀರ ತಟ್ಟೆಗೆ ಮುರ್ದ ಮುದ್ದೆ ಇಕ್ತಾರಾ?" ಎಂದರು ಅತ್ತೆ. "ಕೂಲಿಗೆ ಬಂದೋರ್ಗೂ ಅಂಗ್ ಇಕ್ಕಲ್ಲ."

ಊಟವಾಗಿ ಕೈ ತೊಳೆಯಲು ಒಳಗೆ ಹೋದೆ. ಅವರು ಒಲೆಯ ಪಕ್ಕ ನಿಂತಿದ್ದರು. ಅತ್ತೆ ಕೊಟ್ಟ ಅರ್ಧ ಮುದ್ದೆಯನ್ನು ಸಾರಿನ ಪಾತ್ರೆಯ ತಳಕ್ಕೆ ಅದ್ದಿ ನುಂಗಿದರು. ಬೆಳಗಿನ ಚಿತ್ರಾನ್ನ ಒಂದು ಬಟ್ಟಲಷ್ಟು ಮಿಕ್ಕಿತ್ತು. ಅದನ್ನು ಬಾಣಲೆಯಿಂದಲೇ ಬಳಿದು ತಿಂದರು. ಗಂಡನಿಗೆಂದು ಮಾಡಿದ್ದ ಅನ್ನದ ತಳದ ಸೀಕು ಕೆರೆದು ಬಾಯಿಗೆ ಹಾಕಿಕೊಂಡರು. ಇಷ್ಟೂ ಹೊತ್ತು ನನ್ನೊಡನೆ ಮಾತಾಡುತ್ತಲೇ, ಸಣ್ಣಗೆ ಬೈಯುತ್ತಲೇ ಇದ್ದರು. ಆಮೇಲೆ ಪಾತ್ರೆಗಳನ್ನು ಹೊರಗಿಟ್ಟು, ಕೈ ತೊಳೆದು, ತಮ್ಮ ತಟ್ಟೆ ತಂದು, ನೆಲದ ಮೇಲೆ ಕೂತು, ನಾನು ಹೇಳಿದ್ದ ಅಳತೆಯ ಸಣ್ಣ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಉಂಡರು. ಎದ್ದವರೇ ಗೂಡಿನಿಂದ ನೋಟ್‌ಬುಕ್ ತೆಗೆದರು. ತರಗತಿ ಬಿಟ್ಟು ಹದಿಮೂರು ದಿನವಾದರೂ ಬರೆಯುವುದನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನದ ಕಾಲಂನಲ್ಲಿ ಬರೆದರು: ಸಣ್ಣ ಮುದ್ದೆ ಒಂದು, ಸೊಪ್ಪಿನ ಸಾರು.

"ಮೊದಲು ತಿಂದದ್ದು ಬರೆಯಲಿಲ್ಲ," ಎಂದೆ.

"ಯಾವ್ದು?"

"ಈಗ ಒಲೆ ಹತ್ತಿರ ನಿಂತುಕೊಂಡು ತಿಂದಿರಲ್ಲ."

ಅವರು ನಿಜಕ್ಕೂ ಯೋಚಿಸಿದರು. ಏನನ್ನೋ ಕದ್ದು ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ ಅದು.

"ಅದು ಉಣ್ಣೋದಾ ಕಣಮ್ಮ? ಪಾತ್ರೆ ಖಾಲಿ ಮಾಡಿದ್ದು."

ನಾನು ಅಲ್ಲೇ ಹಿಟ್ಟಿನ ಡಬ್ಬದ ಮೇಲೆ ಕೂತೆ. ಸತ್ಯ ಬರೆಯುತ್ತೇನೆಂದು ಸಹಿ ಮಾಡಿದ್ದವರು ಅಕ್ಷರಶಃ ಸತ್ಯವನ್ನೇ ಬರೆದಿದ್ದರು. ಊಟವೆಂದರೆ ಕೂತು, ತಟ್ಟೆಯಿಟ್ಟು, ತನಗೆಂದು ಬಡಿಸಿಕೊಂಡದ್ದು. ಅದಕ್ಕೆ ಮುಂಚಿನದು ಮನೆಗೆಲಸ. ನೆಲ ಒರೆಸಿದ್ದನ್ನು ಯಾರೂ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ನಾನು ಮೂರು ಕಾಲಂ ಹಾಕಿಸಿದವಳು ನಾಲ್ಕನೆಯದು ಇರಬಹುದೆಂದು ಯೋಚಿಸಿರಲಿಲ್ಲ.

"ಹಸ ಇದ್ದಾಗ ಇದೆಲ್ಲ ಕಲಗಚ್ಚಿಗೆ ಹೋಗ್ತಿತ್ತು," ಎಂದರು ಅವರು. "ಮಿಕ್ಕಿದ್ದು, ತೊಳ್ದಿದ್ದು ಎಲ್ಲಾ ಬಾನಿಗೆ ಸುರ್ದು ಅದ್ರ ಮುಂದಿಟ್ರೆ ಮುಗೀತು. ಹಸ ಕೊಟ್ಟು ಎರಡು ವರ್ಸ ಆಯ್ತು. ಮೇವು ತರೋರಿಲ್ಲ. ಅನ್ನ ಬೀದಿಗೆ ಚೆಲ್ಲಕ್ಕಾಯ್ತದಾ?" ಮಾತು ಮುಗಿಸಿ ಬೆರಳು ಮಡಚಿ ಎಣಿಸಿದರು. "ಹೂ ಕಣೆ. ಸಕ್ರೆ ಬಂದಿದ್ದೂ ಎರಡು ವರ್ಸಕ್ಕೇ."

ಹಸುವಿಗೂ ಸಕ್ಕರೆಗೂ ನೇರ ಸಂಬಂಧವಿದೆಯೆಂದು ನಾನು ವಾದಿಸುವುದಿಲ್ಲ. ಕಾಯಿಲೆ ಬರಲು ಕಾರಣಗಳು ಬೇರೆಯೂ ಇರುತ್ತವೆ. ಆದರೆ ಅದು ಏಕೆ ಇಳಿಯುತ್ತಿಲ್ಲ ಎಂಬುದಕ್ಕೆ ಉತ್ತರ ಆ ಒಲೆಯ ಪಕ್ಕದಲ್ಲಿತ್ತು.

ನಾನು ಎದ್ದು ಜಗಲಿಗೆ ಹೊರಟೆ. ಕೊನೆಯಲ್ಲಿ ಉಣ್ಣುವವರು ಮಿಕ್ಕಿದ್ದನ್ನೂ ಹೊರಬೇಕೆಂಬ ಈ ಪದ್ಧತಿಯ ಅನ್ಯಾಯವನ್ನು ಗಂಡನಿಗೂ ಅತ್ತೆಗೂ ಎದುರೆದುರೇ ಹೇಳಬೇಕೆಂದು ಪೀಠಿಕೆಯ ವಾಕ್ಯ ಆಗಲೇ ನಾಲಿಗೆಗೆ ಬಂದಿತ್ತು. ಅವರು ನನ್ನ ರಟ್ಟೆ ಹಿಡಿದರು.

"ಎಲ್ಲಿಗೆ? ಭಾಷ್ಣಕ್ಕಾ? ನೀನು ಮಾತಾಡ್ಬುಟ್ಟು ಮೂರು ಗಂಟೆ ಬಸ್ಸಿಗೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕು. ಕುತ್ಕ ಸುಮ್ನೆ. ಏನ್ ಮಾಡಾದು ಅಂತ ನಾನ್ ಯೋಚ್ನೆ ಮಾಡ್ತೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಗೊತ್ತಾದದ್ದು ಇನ್ನೊಂದು. ಹೆಣ್ಣಾಗಿ ಹುಟ್ಟಿಯೂ ಈ ವಿಷಯ ನನಗೆ ತಿಳಿಯದೆ ಹೋದದ್ದಕ್ಕೆ ಕಾರಣ ನಮ್ಮ ಅಮ್ಮ. ನಾಳೆ ಸ್ಪರ್ಧೆಯಿದೆ, ಓದಿಕೋ ಎಂದು ನನ್ನನ್ನು ಯಾವಾಗಲೂ ಅಣ್ಣನ ಪಕ್ಕ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಉಂಡು ಎದ್ದ ಮೇಲೆ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೆಂದು ನಾನು ತಿರುಗಿ ನೋಡಿದವಳೇ ಅಲ್ಲ. ಸಮಾನತೆಯ ಪರವಾಗಿ ಮಾತಾಡಿ ಗಳಿಸಿದ ಪಾರಿತೋಷಕಗಳನ್ನು ಒರೆಸಿಡುತ್ತಿದ್ದವರೂ ಅವರೇ.

ಮರುವಾರ ಆರು ಜನ ಮತ್ತೆ ಬಂದರು. ತರಗತಿ ಶುರುವಾಗುವ ಮುಂಚೆ, ಆರೋಪ ಮಾಡಿದ ಜಾಗದಲ್ಲೇ ನಿಂತು, ಇವರು ಬರೆದದ್ದು ಸತ್ಯ, ನಾನು ಕೇಳಿದ ಪ್ರಶ್ನೆ ತಪ್ಪು ಎಂದು ಹೇಳಿ ಕ್ಷಮೆ ಕೇಳಿದೆ. ಪೀಠಿಕೆಯಾಗಲೀ ಮೂರು ಕಾರಣವಾಗಲೀ ಇರಲಿಲ್ಲ. ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ಕಾಲಂ ಹಾಕಲು ಹೇಳಿದೆ: ನಿಂತು ತಿಂದದ್ದು.

ಮೊದಲು ನಗು ಬಂದದ್ದು ನಿವೃತ್ತ ಶಿಕ್ಷಕಿಗೆ. "ಅಯ್ಯೋ, ಮೊಮ್ಮಗ ಬುಟ್ಟ ಇಡ್ಲಿ!" ಎಂದರು. "ದಿನಾ ಒಂದೂವರೆ!" ಅಲ್ಲಿಂದ ಹಜಾರದ ತುಂಬ ದೋಸೆಯ ಅಂಚು, ಹಾಲಿನ ಕೆನೆ, ಡಬ್ಬಿಯಲ್ಲಿ ವಾಪಸು ಬಂದ ಪುಳಿಯೋಗರೆ. ಮಿಡಿಗೇಶಿಯವರು ಎಲ್ಲವನ್ನೂ ಕೇಳಿಸಿಕೊಂಡು, "ಬರೀರಿ ಬರೀರಿ, ಇಲ್ದಿದ್ರೆ ಮೇಡಮ್ಮು ಲೆಕ್ಕ ಹೇಳ್ತಾರೆ" ಎಂದರು. ಅದನ್ನು ನಾನು ತೆಪ್ಪಗೆ ತೆಗೆದುಕೊಂಡೆ.

ಮುಂದಿನ ವರ್ಷ ಶಿರಾದಲ್ಲೂ ಪಾವಗಡದಲ್ಲೂ ಕೇಂದ್ರ ತೆರೆದಾಗ ಮೊದಲ ದಿನ ವಿವರಿಸಿದ್ದು ಆ ಕಾಲಮ್ಮನ್ನೇ. ಶಿರಾದ ತರಗತಿಯಲ್ಲಿ ಬುರ್ಖಾ ಕಳಚಿ ಮಡಚಿಡುತ್ತಿದ್ದ ಒಬ್ಬರು, "ಬಚ್ಚೇ ಛೋಡೇ ಸೋ ಭೀ?" ಎಂದು ಕೇಳಿ, ಮಕ್ಕಳು ಬಿಟ್ಟದ್ದೂ ಲೆಕ್ಕವೇ ಎಂದು ತಿಳಿದು ಹಣೆ ಹಿಡಿದುಕೊಂಡರು. ಪಾವಗಡದಲ್ಲಿ ಒಬ್ಬ ಅಜ್ಜಿ, "ಅದಿ ಕೂಡಾ ರಾಯಾಲಾ ಅಮ್ಮಾ? ಪುಸ್ತಕಂ ಚಾಲದು!" ಎಂದರು, ಅದನ್ನೂ ಬರೆಯಬೇಕಾದರೆ ಪುಸ್ತಕವೇ ಸಾಲದಂತೆ. ಇಂದು ನಾಲ್ಕೂ ಊರುಗಳಲ್ಲಿ ಹನ್ನೊಂದು ತರಗತಿಗಳಿವೆ. ಈ ಉದ್ಯಮ ಹೇಗೆ ಬೆಳೆಯಿತೆಂದು ಕೇಳುವವರಿಗೆ ನಾನು ತೋರಿಸುವುದು ಆ ನಾಲ್ಕನೆಯ ಗೆರೆಯನ್ನು. ಅದರ ಮೇಲೆ ನಂಬಿಕೆ ಬಂದ ಮೇಲೆಯೇ ಹೊಸ ಊರುಗಳಲ್ಲೂ ಹೆಂಗಸರು ಒಬ್ಬರನ್ನೊಬ್ಬರು ಕರೆತರಲು ಶುರುಮಾಡಿದ್ದು.

ಆದರೆ ಕಾಲಂ ಬರೆದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ಇಳಿಸುವ ಉಪಾಯ ಮಿಡಿಗೇಶಿಯವರದೇ. ಮಿಕ್ಕಿದ್ದನ್ನು ಎರಡು ಮನೆಯಾಚೆ ಎಮ್ಮೆ ಕಟ್ಟಿದವರ ಬಾನಿಗೆ ಕಳಿಸತೊಡಗಿದರು. ಮುದ್ದೆಯದು ಕಷ್ಟದ ವಿಷಯವಾಗಿತ್ತು. ಅತ್ತೆಗೆ ಮುರಿದದ್ದು ಇಕ್ಕುವಂತಿಲ್ಲ, ಇಡೀದು ಇಕ್ಕಿದರೆ ಅರ್ಧ ತಮ್ಮ ಪಾಲಿಗೆ ಬರುತ್ತದೆ. ಅವರು ಅತ್ತೆಯ ಮುದ್ದೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತ ಬಂದರು. ಆದರೆ ಅಷ್ಟೇ ದುಂಡಗೆ, ಅಷ್ಟೇ ನುಣ್ಣಗೆ, ಇಡಿಯಾಗಿ. ಹತ್ತು ದಿನಕ್ಕೆ ಅತ್ತೆಗೆ ಅನುಮಾನ ಬಂತಂತೆ.

"ಯಾಕೆ ಮುದ್ದೆ ನಿಂಬೆಹಣ್ಣಾಗೈತೆ?"

"ಡಾಕ್ಟ್ರು ಹೇಳಿದ್ ಅಳ್ತೆ ಅತ್ತೆ. ಮುರ್ದಿಲ್ಲ ನೋಡಿ, ಇಡೀದೇ ಐತೆ."

ಅತ್ತೆ ತಿರುಗಿಸಿ ನೋಡಿ, ಮುರಿದ ಗುರುತು ಕಾಣದೆ, ಉಂಡರಂತೆ. ಆ ಮನೆಯಲ್ಲಿ ಸಮಾನತೆಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಈಗಲೂ ಅವರು ಕೊನೆಯಲ್ಲೇ ಉಣ್ಣುತ್ತಾರೆ. ಅದು ನನ್ನನ್ನು ಕಾಡುತ್ತದೆ. ಅವರನ್ನು ಅಷ್ಟಾಗಿ ಕಾಡುವುದಿಲ್ಲ, ಅಥವಾ ಕಾಡಿದರೂ ನನಗೆ ಹೇಳುವ ಅಗತ್ಯ ಅವರಿಗೆ ಕಂಡಿಲ್ಲ.

ಗಡುವಿನ ಪರೀಕ್ಷೆಯ ದಿನ ತರಗತಿಗೆ ಅವರು ತಡವಾಗಿ ಬಂದರು. ಆಸ್ಪತ್ರೆಯಿಂದ ನೇರ ಬಂದದ್ದೆಂದು ಚೀಲ ನೋಡಿ ತಿಳಿಯಿತು. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿದರು. ವ್ಯಾಯಾಮದ ಎಣಿಕೆಯಲ್ಲಿ ನಾನು ಎರಡು ಸಲ ತಪ್ಪಿದೆ. ಮುಗಿದ ಮೇಲೆ ಉಳಿದವರು ಹೊರಡುವವರೆಗೆ ಕಾದು, ಹತ್ತಿರ ಬಂದು ಕೂತರು.

"ಇಳ್ದೈತೆ. ಪೂರ್ತಿ ಅಲ್ಲ. ಸೂಜಿ ಈಗ್ಲೇ ಬ್ಯಾಡ, ಮಾತ್ರೇಲೇ ನೋಡಾನ, ಮೂರು ತಿಂಗ್ಳು ಬುಟ್ಟು ಬಾ ಅಂದ್ರು."

ಒಳ್ಳೆಯದಾಯಿತು ಎಂದೆ. ಮುಂದೆ ಯಾವತ್ತಾದರೂ ಚುಚ್ಚುಮದ್ದು ಬೇಕಾಗಿ ಬಂದರೂ ಅದು ಸೋಲಲ್ಲ ಎಂದೂ ಸೇರಿಸಿದೆ, ಏಕೆಂದರೆ ಅದು ನಿಜ. ಅವರು ತಲೆಯಾಡಿಸಿದರು.

"ಗೊತ್ತು ಬುಡು. ಇನ್ನೊಂದ್ಸಲ ಏರುದ್ರೆ ಇಂಗೆ ಎಲ್ಲಾರ ಮುಂದೆ ನಿಲ್ಸಿ ಕೇಳ್ಬೇಡ. ಹಟ್ಟಿ ತಾವ ಬಾ. ಬಂದು ಒಲೆ ಪಕ್ಕ ನಿಂತ್ಕಂಡು ನೋಡು."

ಬರುತ್ತೇನೆ ಎಂದೆ.